ಪಹಣಿಯಲ್ಲಿ ಕಾಣದ ಮಗಳು: ಸಮಪಾಲಿನ ಕಾನೂನು ಮತ್ತು ನಮ್ಮ ಮನೆಗಳ ನಡೆ

ತೀರಿಹೋದವರ ಹೆಸರಿನಲ್ಲಿಯೇ ಉಳಿದುಕೊಂಡಿರುವ ಜಮೀನುಗಳನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು ರಾಜ್ಯದ ಕಂದಾಯ ಇಲಾಖೆಯು ‘ಇ-ಪೌತಿ’ ಎಂಬ ಆಂದೋಲನವನ್ನು ಕೈಗೊಂಡಿದೆ. ಅಜ್ಜನ ಹೆಸರಿನಲ್ಲಿರುವ ಪಹಣಿಯನ್ನು ಮೊಮ್ಮಕ್ಕಳು ಉಳುತ್ತಿರುವ ಊರುಗಳು ನಮ್ಮಲ್ಲಿ ಕಡಿಮೆಯಿಲ್ಲ. ಅಂತಹ ಜಮೀನಿನ ಮೇಲೆ ಸಾಲ ದೊರೆಯುವುದು ಕಷ್ಟ, ಬೆಳೆಹಾನಿಯ ಪರಿಹಾರ ದೊರೆಯುವುದೂ ಕಷ್ಟ, ಮಾರಾಟವಂತೂ ದೂರದ ಮಾತು. ಆದುದರಿಂದ ಈ ಕಾರ್ಯ ಸ್ವಾಗತಾರ್ಹವಾದುದು. ಆದರೆ ಪೌತಿ ಖಾತೆಗೆ ವಂಶವೃಕ್ಷ ಬೇಕು. ಆ ವಂಶವೃಕ್ಷದಲ್ಲಿ ಯಾರ ಹೆಸರು ಬರೆಸಲಾಗುತ್ತದೆ, ಯಾರ ಹೆಸರು ‘ಮರೆತು’ಹೋಗುತ್ತದೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಗಂಡುಮಕ್ಕಳ ಹೆಸರುಗಳು ಸಾಲಾಗಿ ಬಂದು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೊಂಬೆಯೇ ಇಲ್ಲದ ವಂಶವೃಕ್ಷವು ವೃಕ್ಷವೇ ಅಲ್ಲ. ಅದು ಅರ್ಧ ಕಡಿದ ಮರ.

ಈ ವಿಷಯವನ್ನು ಮಠದ ಜಾಲತಾಣದಲ್ಲಿ ಚರ್ಚಿಸುವುದೇಕೆಂದು ಕೆಲವರಿಗೆ ಅನ್ನಿಸಬಹುದು. ಆಸ್ತಿಯ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರುವ ಮೊದಲು ಬಹಳಷ್ಟು ಸಲ ಹಿರಿಯರ ಕಟ್ಟೆಗೂ ಮಠದ ಅಂಗಳಕ್ಕೂ ಬರುತ್ತವೆ. ಅಲ್ಲಿ ಹೇಳುವ ಮಾತು ಕಾನೂನನ್ನೂ ಅರಿತಿರಬೇಕು, ಧರ್ಮವನ್ನೂ ಅರಿತಿರಬೇಕು. ಜೊತೆಗೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 2ನೆಯ ಪ್ರಕರಣವು ಈ ಕಾನೂನು ಅನ್ವಯವಾಗುವವರಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರೆತ್ತಿಯೇ ಹೇಳಿದೆ. ಧರ್ಮದ ಮಾನ್ಯತೆಯ ಕುರಿತಾದ ಚರ್ಚೆಗಳು ಏನೇ ಇರಲಿ, ನಮ್ಮ ಮನೆಗಳ ಆಸ್ತಿ ಇಂದು ಹಂಚಿಕೆಯಾಗುವುದು ಈ ಕಾನೂನಿನಂತೆ.

ಕಲ್ಯಾಣದಿಂದ ಹೊರಟ ಎರಡು ದಾರಿಗಳು

ಭಾರತದ ಬಹುಭಾಗದಲ್ಲಿ ಶತಮಾನಗಳ ಕಾಲ ಆಸ್ತಿಹಂಚಿಕೆಯನ್ನು ನಿರ್ಧರಿಸಿದ ಗ್ರಂಥ ‘ಮಿತಾಕ್ಷರಾ’. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಈ ವ್ಯಾಖ್ಯಾನ ರಚಿತವಾದುದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ. ಮಗನು ಹುಟ್ಟಿದ ಕ್ಷಣದಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಯ ಜೊತೆ ಹಕ್ಕುದಾರನಾಗುತ್ತಾನೆ ಎಂಬುದು ಅದರ ಮುಖ್ಯ ನಿಲುವು. ಈ ಹುಟ್ಟುಹಕ್ಕಿನ ಬಳಗಕ್ಕೆ ಕಾನೂನಿನವರು ‘ಕೋಪಾರ್ಸನರಿ’ ಎನ್ನುತ್ತಾರೆ. ಆ ಬಳಗದೊಳಗೆ ಮಗಳಿಗೆ ಎಡೆಯಿರಲಿಲ್ಲ.

ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ಬಳಿಕ, ಬಸವಾದಿ ಶರಣರು ಸೇರಿದರು. ಅಕ್ಕಮಹಾದೇವಿ, ಅಕ್ಕನಾಗಮ್ಮ, ನೀಲಾಂಬಿಕೆ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಮುಂತಾದ ಶರಣೆಯರು ಅಲ್ಲಿ ಪುರುಷರ ಸರಿಸಮವಾಗಿ ಮಾತನಾಡಿದರು, ಪ್ರಶ್ನಿಸಿದರು, ತಿದ್ದಿದರು. ಇಷ್ಟಲಿಂಗವು ಹೆಣ್ಣಿಗೂ ಗಂಡಿಗೂ ಒಂದೇ ಆಯಿತು. ಹೀಗೆ ಒಂದೇ ಪಟ್ಟಣದಿಂದ ಎರಡು ದಾರಿಗಳು ಹೊರಟವು. ದೀಕ್ಷೆಯಲ್ಲಿ ಸಮಾನತೆಯನ್ನು ಒಪ್ಪಿದ ನಾವು ಹೊಲದ ಬದುವಿಗೆ ಬಂದಾಗ ಹಳೆಯ ದಾರಿಯನ್ನೇ ಹಿಡಿದೆವು. ಲಿಂಗಾಯತ ಮನೆಗಳಲ್ಲಿಯೂ ಆಸ್ತಿ ಗಂಡುಮಕ್ಕಳಲ್ಲಿಯೇ ಹಂಚಿಕೆಯಾಯಿತು. ಸಮಾನತೆಯು ಪೂಜೆಯ ಕೋಣೆಯಿಂದ ಪಡಸಾಲೆಗೆ ಬರಲು ಎಂಟು ನೂರು ವರ್ಷಗಳಿಗೂ ಮಿಕ್ಕಿ ಬೇಕಾಯಿತು. ಅದನ್ನು ತಂದುದೂ ನಮ್ಮ ಸಂಕಲ್ಪವಲ್ಲ, ಶಾಸನಸಭೆ ಮತ್ತು ನ್ಯಾಯಾಲಯ.

ಅನುಭವಿಸಬಹುದು, ಆದರೆ ತನ್ನದಲ್ಲ

ಮೊದಲ ಹೆಜ್ಜೆಯನ್ನಿಟ್ಟ ನಾಡುಗಳಲ್ಲಿ ಮೈಸೂರು ಸಂಸ್ಥಾನವೂ ಒಂದು. 1933ರ ಮೈಸೂರು ಕಾಯಿದೆಯು ತಂದೆ ಮತ್ತು ಗಂಡುಮಕ್ಕಳ ನಡುವೆ ವಿಭಾಗವಾಗುವಾಗ ತಾಯಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕೆಂದಿತು. 1937ರ ಕೇಂದ್ರ ಕಾಯಿದೆಯು ವಿಧವೆಗೆ ಪತಿಯ ಪಾಲನ್ನು ನೀಡಿತು. ಆದರೆ ಆ ಹಕ್ಕು ಸೀಮಿತವಾಗಿತ್ತು. ಆಕೆ ಬದುಕಿರುವವರೆಗೆ ಫಲವನ್ನು ಉಣ್ಣಬಹುದು. ಅನಿವಾರ್ಯ ಕಾರಣವಿಲ್ಲದೆ ಮಾರುವಂತಿಲ್ಲ. ಆಕೆಯ ಮರಣಾನಂತರ ಆಸ್ತಿಯು ಆಕೆಯ ವಾರಸುದಾರರಿಗೆ ಹೋಗದೆ ಪತಿಯ ವಾರಸುದಾರರಿಗೆ ಹಿಂದಿರುಗುತ್ತಿತ್ತು. ಒಡೆತನವನ್ನು ಕಾಲದಲ್ಲಿ ಎರಡಾಗಿ ಸೀಳಿ, ಇಂದಿನ ಅನುಭೋಗವನ್ನು ಒಬ್ಬರಿಗೂ ಮುಂದಿನ ಒಡೆತನವನ್ನು ಮತ್ತೊಬ್ಬರಿಗೂ ಕೊಡುವ ಏರ್ಪಾಡು ಇದು. ಆಕೆಯ ಸಾವಿಗಾಗಿ ಕಾಯುವವರನ್ನು ಕಾನೂನೇ ಸೃಷ್ಟಿಸಿತ್ತು ಎಂದರೆ ತಪ್ಪಾಗದು.

1956ರ ಅಧಿನಿಯಮದ 14ನೆಯ ಪ್ರಕರಣ ಈ ಬೇಲಿಯನ್ನು ಕಿತ್ತುಹಾಕಿತು. ಹಿಂದೂ ಸ್ತ್ರೀಯ ಸ್ವಾಧೀನದಲ್ಲಿರುವ ಆಸ್ತಿಗೆ ಆಕೆ ಪೂರ್ಣ ಒಡತಿ ಎಂದು ಸಾರಿತು. ಆದರೆ ಅದರ ಎರಡನೆಯ ಉಪಪ್ರಕರಣದಲ್ಲಿ ಒಂದು ಅಪವಾದವಿದೆ. ದಾನಪತ್ರ, ಮರಣಶಾಸನ ಅಥವಾ ಡಿಕ್ರಿಯೇ ಆಕೆಗೆ ಸೀಮಿತ ಹಕ್ಕನ್ನಷ್ಟೇ ಕೊಟ್ಟಿದ್ದರೆ ಅದು ಸೀಮಿತವಾಗಿಯೇ ಉಳಿಯುತ್ತದೆ. ಹಾಗಾದರೆ ಜೀವನಾಂಶಕ್ಕೆಂದು ಕೊಟ್ಟ ಆಸ್ತಿ ಯಾವ ಸಾಲಿಗೆ ಸೇರಬೇಕು? 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಪ್ರತಿಯಾಗಿ ಕೊಟ್ಟ ಆಸ್ತಿಯು ಪತ್ರದಲ್ಲಿ ಏನೇ ನಿರ್ಬಂಧವಿದ್ದರೂ ಪೂರ್ಣ ಒಡೆತನವಾಗುತ್ತದೆ ಎಂದಿತು. ಆ ಬಳಿಕದ ತೀರ್ಪುಗಳು ಒಂದೇ ದನಿಯಲ್ಲಿ ನಡೆಯಲಿಲ್ಲ. 2024ರ ಡಿಸೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ಈ ಗೊಂದಲವನ್ನು ಗುರುತಿಸಿ ವಿಷಯವನ್ನು ವಿಸ್ತೃತ ಪೀಠದ ಮುಂದಿಡುವಂತೆ ಸೂಚಿಸಿತು.

ಇದು ವಕೀಲರ ಸೂಕ್ಷ್ಮವಷ್ಟೇ ಅಲ್ಲ. ‘ನನ್ನ ಹೆಂಡತಿ ಬದುಕಿರುವವರೆಗೆ ಅನುಭವಿಸತಕ್ಕದ್ದು, ಆನಂತರ ಗಂಡುಮಕ್ಕಳಿಗೆ ಸೇರತಕ್ಕದ್ದು’ ಎಂಬ ವಾಕ್ಯ ನಮ್ಮ ಭಾಗದ ಮರಣಶಾಸನಗಳಲ್ಲಿ ಸಾಮಾನ್ಯ. ಪತ್ರ ಬರೆಯುವವರು ರೂಢಿಯಿಂದ ಬರೆದುಬಿಡುವ ಈ ಒಂದು ಸಾಲು ಮುಂದೆ ತಾಯಿಯನ್ನೂ ಮಕ್ಕಳನ್ನೂ ಕಟಕಟೆಯಲ್ಲಿ ಎದುರುಬದುರು ನಿಲ್ಲಿಸಬಲ್ಲುದು. ಸಂಸಾರದ ನೊಗಕ್ಕೆ ಸಮನಾಗಿ ಹೆಗಲು ಕೊಟ್ಟವಳಿಗೆ ಕೊಡುವುದನ್ನು ಪೂರ್ಣವಾಗಿ ಕೊಡುವುದೇ ನ್ಯಾಯವೆಂಬುದು ನಮ್ಮ ಅಭಿಮತ.

ಹುಟ್ಟಿನಿಂದಲೇ ಹಕ್ಕು

ವಿಧವೆಯ ಹಕ್ಕು ಪೂರ್ಣವಾದರೂ ಮಗಳು ಹುಟ್ಟುಹಕ್ಕಿನ ಬಳಗದ ಹೊರಗೇ ಉಳಿದಳು. ಆಂಧ್ರಪ್ರದೇಶ, ತಮಿಳುನಾಡುಗಳ ಬಳಿಕ ಕರ್ನಾಟಕವೂ ಕಾನೂನನ್ನು ತಿದ್ದಿತು. 1994ರ ಜುಲೈ 30ರಿಂದ ಜಾರಿಗೆ ಬಂದ ಆ ತಿದ್ದುಪಡಿಯು ಮಗಳನ್ನು ಮಗನಂತೆಯೇ ಜನ್ಮತಃ ಹಕ್ಕುದಾರಳೆಂದಿತಾದರೂ ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕನಿಗಿಲ್ಲದ ಹಕ್ಕು ತಂಗಿಗೆ ಬಂದ ವಿಚಿತ್ರ ಸ್ಥಿತಿ ಅದು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯ ಭೇದವನ್ನು ಅಳಿಸಿತು. ಮನೆಯನ್ನು ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳುವಂತಿಲ್ಲ ಎಂದಿದ್ದ 23ನೆಯ ಪ್ರಕರಣವನ್ನೂ ತೆಗೆದುಹಾಕಿತು.

ಇಷ್ಟಾದರೂ ಗೊಂದಲ ನಿಲ್ಲಲಿಲ್ಲ. 2015ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಪ್ರಕರಣವೊಂದರಲ್ಲಿ, 2005ರ ಸೆಪ್ಟೆಂಬರ್ 9ರಂದು ತಂದೆ ಮತ್ತು ಮಗಳು ಇಬ್ಬರೂ ಜೀವಂತವಿದ್ದರೆ ಮಾತ್ರ ಹೊಸ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2018ರಲ್ಲಿ, ಕರ್ನಾಟಕದ್ದೇ ಆದ ಮತ್ತೊಂದು ಪ್ರಕರಣದಲ್ಲಿ, ತಂದೆ 2001ರಲ್ಲಿಯೇ ತೀರಿಹೋಗಿದ್ದರೂ ತಾಯಿ, ಇಬ್ಬರು ಗಂಡುಮಕ್ಕಳು ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ತಲಾ ಐದನೆಯ ಒಂದು ಪಾಲು ದೊರೆಯಿತು. ಈ ಎರಡು ದನಿಗಳನ್ನು ಒಂದುಗೂಡಿಸಿದ್ದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು. ಮೂವರು ನ್ಯಾಯಮೂರ್ತಿಗಳ ಪೀಠವು, ಮಗಳ ಹಕ್ಕು ಹುಟ್ಟಿನಿಂದ ಬಂದುದು, ಆದುದರಿಂದ 2005ರಲ್ಲಿ ತಂದೆ ಬದುಕಿದ್ದನೇ ಎಂಬ ಪ್ರಶ್ನೆ ಅಪ್ರಸ್ತುತ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ವಿಭಾಗಗಳು ಮಾತ್ರ ಕದಲುವುದಿಲ್ಲ. ‘ಹಿಂದೆಯೇ ಬಾಯಿಮಾತಿನಲ್ಲಿ ವಾಟ್ನಿ ಆಗಿದೆ’ ಎಂಬ ವಾದವನ್ನು, ಸಾರ್ವಜನಿಕ ದಾಖಲೆಗಳ ಗಟ್ಟಿ ಆಧಾರವಿರುವ ಅಪರೂಪದ ಸಂದರ್ಭಗಳನ್ನು ಬಿಟ್ಟರೆ, ಒಪ್ಪಲಾಗದೆಂದೂ ಸ್ಪಷ್ಟಪಡಿಸಿತು.

ಈ ಬದಲಾವಣೆಯ ತೂಕವನ್ನು ಅಂಕಿಗಳಲ್ಲಿ ನೋಡೋಣ. ಒಬ್ಬ ವಿಧುರ ತಂದೆ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, 12 ಎಕರೆ ಪಿತ್ರಾರ್ಜಿತ ಭೂಮಿ ಎಂದಿಟ್ಟುಕೊಳ್ಳೋಣ. ತಂದೆ ಮರಣಶಾಸನ ಬರೆಯದೆ ತೀರಿಕೊಂಡರೆ, ಹಳೆಯ ಲೆಕ್ಕದಲ್ಲಿ ಮೊದಲು ತಂದೆಗೂ ಮಗನಿಗೂ ತಲಾ 6 ಎಕರೆ. ತಂದೆಯ 6 ಎಕರೆ ಮೂವರು ಮಕ್ಕಳಿಗೆ ತಲಾ 2 ಎಕರೆ. ಒಟ್ಟಿನಲ್ಲಿ ಮಗನಿಗೆ 8, ಹೆಣ್ಣುಮಕ್ಕಳಿಗೆ ತಲಾ 2. ಹೊಸ ಲೆಕ್ಕದಲ್ಲಿ ತಂದೆ ಮತ್ತು ಮೂವರು ಮಕ್ಕಳಿಗೆ ಮೊದಲು ತಲಾ 3. ತಂದೆಯ 3 ಎಕರೆಯಲ್ಲಿ ಮತ್ತೆ ತಲಾ 1. ಒಟ್ಟು ತಲಾ 4 ಎಕರೆ. ಹೆಣ್ಣುಮಗಳಿಗೆ ಹಳೆಯ ಕಾನೂನಿನಲ್ಲಿಯೂ ಏನೂ ಇಲ್ಲವೆಂಬುದು ಸುಳ್ಳಾಗಿತ್ತು; ಅದರಂತೆ ಬರಬೇಕಿದ್ದ 2 ಎಕರೆಯನ್ನಾದರೂ ಎಷ್ಟು ಮನೆಗಳು ಕೊಟ್ಟವು ಎಂಬುದನ್ನು ನಮ್ಮ ನಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು.

ಹಕ್ಕಿನ ಜೊತೆಗೆ ಹೊಣೆಯೂ ಬಂದಿದೆಯೆಂಬುದನ್ನು ಮರೆಯಬಾರದು. ಮಗಳು ಮಗನಂತೆಯೇ ಆ ಆಸ್ತಿಯ ಹೊಣೆಗಾರಿಕೆಗಳಿಗೂ ಒಳಪಡುತ್ತಾಳೆಂದು 6ನೆಯ ಪ್ರಕರಣವೇ ಹೇಳುತ್ತದೆ. ತಂದೆ-ತಾಯಿಯರ ಆರೈಕೆಯ ಕರ್ತವ್ಯವೂ ಇಬ್ಬರದು.

ಎಲ್ಲ ಆಸ್ತಿಯೂ ಪಿತ್ರಾರ್ಜಿತವಲ್ಲ

ಜನರಲ್ಲಿ ಬಹಳ ತಪ್ಪುಗ್ರಹಿಕೆ ಇರುವುದು ಇಲ್ಲಿ. ತಂದೆ ತನ್ನ ದುಡಿಮೆಯಿಂದ ಕೊಂಡದ್ದು ಸ್ವಯಾರ್ಜಿತ. ಅದನ್ನು ಆತ ಬದುಕಿರುವಾಗ ಯಾರಿಗಾದರೂ ಕೊಡಬಹುದು, ಮರಣಶಾಸನ ಬರೆಯಬಹುದು. ಅದರಲ್ಲಿ ಮಗನಿಗೂ ಹುಟ್ಟುಹಕ್ಕಿಲ್ಲ, ಮಗಳಿಗೂ ಇಲ್ಲ. ಆತ ಏನೂ ಬರೆಯದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲು ಪಡೆಯುತ್ತಾರೆ. ಇನ್ನು ಅಜ್ಜನ ಸ್ವಯಾರ್ಜಿತವು 1956ರ ನಂತರ ಹೀಗೆ ವಾರಸಾಗಿ ತಂದೆಗೆ ಬಂದಿದ್ದರೆ ಅದು ತಂದೆಯ ಕೈಯಲ್ಲಿ ಪ್ರತ್ಯೇಕ ಆಸ್ತಿಯೇ ಹೊರತು ಮೊಮ್ಮಕ್ಕಳು ಹುಟ್ಟಿನಿಂದ ಪಾಲು ಕೇಳಬಹುದಾದ ಪಿತ್ರಾರ್ಜಿತವಲ್ಲವೆಂದು 1986ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ‘ಅಜ್ಜನದು’ ಎಂದ ಮಾತ್ರಕ್ಕೆ ಎಲ್ಲವೂ ಪಿತ್ರಾರ್ಜಿತವಾಗುವುದಿಲ್ಲ.

ಮುಂದೆ ಬರಬಹುದಾದ ಪಾಲಿನ ನಿರೀಕ್ಷೆಯೂ ಕೈಯಲ್ಲಿರುವ ಹಕ್ಕೂ ಬೇರೆ ಬೇರೆ. ತಂದೆ ಬದುಕಿರುವಾಗ ಆತನ ಸ್ವಯಾರ್ಜಿತದಲ್ಲಿ ಮಕ್ಕಳಿಗಿರುವುದು ಬರಿಯ ಆಸೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 6ನೆಯ ಪ್ರಕರಣದಂತೆ ಅಂತಹ ಆಸೆಯನ್ನು ಮಾರಲಾಗದು, ವರ್ಗಾಯಿಸಲಾಗದು. ಪಿತ್ರಾರ್ಜಿತದಲ್ಲಾದರೋ ಮಗಳ ಹಕ್ಕು ಇಂದೇ ಇರುವಂತಹುದು. ವ್ಯಾಜ್ಯಗಳಲ್ಲಿ ಅರ್ಧ ಹುಟ್ಟುವುದು ಈ ಭೇದವನ್ನರಿಯದೆ ಮಾಡಿಸಿದ ಸಹಿಗಳಿಂದ.

ಒಡೆಯದ ಹೊಲದಲ್ಲಿ ಎಲ್ಲರೂ ಒಡೆಯರು

ಮರಣಶಾಸನವಿಲ್ಲದೆ ವಾರಸಾದ ಆಸ್ತಿಯನ್ನು ಮಕ್ಕಳು ಹೇಗೆ ಹೊಂದಿರುತ್ತಾರೆ? 19ನೆಯ ಪ್ರಕರಣದ ಪ್ರಕಾರ ಪ್ರತಿಯೊಬ್ಬರಿಗೂ ನಿಶ್ಚಿತವಾದ, ತನ್ನದೇ ಆದ ಪಾಲಿರುತ್ತದೆ. ಒಬ್ಬರು ತೀರಿಕೊಂಡರೆ ಅವರ ಪಾಲು ಉಳಿದ ಸೋದರರಿಗೆ ಹೋಗದೆ ಅವರದೇ ವಾರಸುದಾರರಿಗೆ ಹೋಗುತ್ತದೆ. ಆದರೆ ಗಡಿ ಹಾಕಿ ಬೇರ್ಪಡಿಸುವವರೆಗೆ ಯಾರೂ ‘ಈ ಮೂಲೆ ನನ್ನದು’ ಎನ್ನುವಂತಿಲ್ಲ. ಪ್ರತಿಯೊಂದು ಗುಂಟೆಯಲ್ಲಿಯೂ ಎಲ್ಲರ ಅಂಶವಿದೆ. ಅಣ್ಣನೊಬ್ಬನೇ ಉಳುತ್ತಿದ್ದರೆ ಕಾನೂನಿನ ಕಣ್ಣಿನಲ್ಲಿ ಆತ ಎಲ್ಲರ ಪರವಾಗಿ ಸ್ವಾಧೀನದಲ್ಲಿದ್ದಾನೆ. ತಂಗಿ ದೂರದ ಊರಿನಲ್ಲಿದ್ದಳು, ಸುಮ್ಮನಿದ್ದಳು ಎಂಬ ಕಾರಣಕ್ಕೆ ಆಕೆಯ ಹಕ್ಕು ಕರಗುವುದಿಲ್ಲ. ಆದರೆ ತನ್ನನ್ನು ಹೊರಗಿಡಲಾಗಿದೆ ಎಂಬುದು ತಿಳಿದ ಮೇಲೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳಲು 12 ವರ್ಷಗಳ ಕಾಲಮಿತಿಯಿದೆ. ಆದುದರಿಂದ ತಿಳಿದೂ ಸುಮ್ಮನಿರುವುದು ಕ್ಷೇಮವಲ್ಲ.

‘ಹೆಣ್ಣುಮಕ್ಕಳಿಗೆ ಕೊಟ್ಟರೆ ಹೊಲ ಹೊರಗಿನವರ ಪಾಲಾಗುತ್ತದೆ, ಭೂಮಿ ಚೂರುಚೂರಾಗುತ್ತದೆ’ ಎಂಬ ಆತಂಕವನ್ನು ಸಹೋದರರು ವ್ಯಕ್ತಪಡಿಸುತ್ತಾರೆ. ಈ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಾಲ್ಕು ಎಕರೆ ಮಳೆಯಾಶ್ರಿತ ಭೂಮಿಯನ್ನು ನಂಬಿದ ಒಕ್ಕಲಿಗೆ ಒಂದೊಂದು ಎಕರೆಯೂ ಅನ್ನದ ಪ್ರಶ್ನೆ. ಆದರೆ ಭೂಮಿ ಚೂರಾಗುವುದು ಐವರು ಗಂಡುಮಕ್ಕಳಿದ್ದಾಗಲೂ ಆಗುತ್ತದೆ. ಆಗ ಯಾರೂ ಐದನೆಯವನಿಗೆ ‘ನೀನು ಬಿಟ್ಟುಕೊಡು’ ಎನ್ನುವುದಿಲ್ಲ. ಮೇಲಾಗಿ ಈ ಆತಂಕಕ್ಕೆ ಕಾನೂನಿನೊಳಗೇ ಉತ್ತರವಿದೆ. ವಾರಸಾಗಿ ಬಂದ ಆಸ್ತಿಯಲ್ಲಿ ಒಬ್ಬ ವಾರಸುದಾರರು ತಮ್ಮ ಪಾಲನ್ನು ಮಾರಲು ಹೊರಟರೆ ಅದನ್ನು ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದು ಎನ್ನುತ್ತದೆ 22ನೆಯ ಪ್ರಕರಣ. ಬೆಲೆ ಮಾತಿನಲ್ಲಿ ಕುದುರದಿದ್ದರೆ ನ್ಯಾಯಾಲಯವೇ ನಿಗದಿಪಡಿಸುತ್ತದೆ. ಕೃಷಿಭೂಮಿಗೂ ಇದು ಅನ್ವಯಿಸುತ್ತದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹಾಗೆಯೇ ವಾಸದ ಮನೆಯ ಪಾಲನ್ನು ಕುಟುಂಬದ ಹೊರಗಿನವರು ಕೊಂಡರೆ ಅವರಿಗೆ ಮನೆಯೊಳಗೆ ಜೊತೆಯಾಗಿ ವಾಸಿಸುವ ಹಕ್ಕಿಲ್ಲ. ಅವರು ವಿಭಾಗಕ್ಕಾಗಿ ದಾವೆ ಹೂಡಿದರೆ 1893ರ ವಿಭಾಗ ಕಾಯಿದೆಯ 4ನೆಯ ಪ್ರಕರಣದಂತೆ ಕುಟುಂಬದವರು ಆ ಪಾಲನ್ನು ಬೆಲೆಕಟ್ಟಿಸಿ ಕೊಳ್ಳಬಹುದು. ಭೂಮಿಯನ್ನು ಒಟ್ಟಾಗಿ ಉಳಿಸಿಕೊಳ್ಳಬೇಕೆನ್ನುವ ಅಣ್ಣನಿಗೆ ದಾರಿಯಿದೆ. ಆ ದಾರಿ ತಂಗಿಯ ಪಾಲಿಗೆ ತಕ್ಕ ಬೆಲೆ ಕೊಡುವುದು; ಪಾಲನ್ನೇ ಇಲ್ಲವೆನ್ನುವುದಲ್ಲ.

ಅರಿಶಿನ-ಕುಂಕುಮಕ್ಕೆ ಬರೆಸಿಕೊಂಡ ಹಕ್ಕು

ಇಂದು ಹೆಣ್ಣುಮಕ್ಕಳ ಪಾಲು ತಪ್ಪುತ್ತಿರುವುದು ಕಾನೂನಿನಿಂದಲ್ಲ, ಹಕ್ಕು ಬಿಡುಗಡೆ ಪತ್ರದಿಂದ. ಹಬ್ಬಕ್ಕೆಂದು ತವರಿಗೆ ಕರೆಸಿ, ಒಂದು ಸೀರೆ ಕೊಟ್ಟು, ಉಡಿ ತುಂಬಿ, ಮರುದಿನ ಉಪನೋಂದಣಾಧಿಕಾರಿಗಳ ಕಚೇರಿಗೆ ಕರೆದೊಯ್ಯುವುದುಂಟು. ತಂದೆಯ ಮರಣದ ಸೂತಕ ಕಳೆಯುವ ಮೊದಲೇ ಕಾಗದ ಮುಂದಿಡುವುದೂ ಉಂಟು. ಪ್ರೀತಿಯಿಂದ, ಅರಿತು, ತಾನಾಗಿಯೇ ಬಿಟ್ಟುಕೊಡುವ ಅಕ್ಕತಂಗಿಯರಿದ್ದಾರೆ. ಅವರ ತ್ಯಾಗವನ್ನು ಗೌರವಿಸೋಣ. ಆದರೆ ‘ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚಿತು’ ಎಂಬ ಭಯದಿಂದ ಬಂದ ಸಹಿ ತ್ಯಾಗವಲ್ಲ. ತವರಿನ ಪ್ರೀತಿಗೆ ಬೆಲೆಯನ್ನು ನಿಗದಿ ಮಾಡಿ ಅದನ್ನು ಆಕೆಯಿಂದಲೇ ವಸೂಲಿ ಮಾಡಿದಂತೆ ಅದು.

‘ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ, ಅದೇ ಅವಳ ಪಾಲು’ ಎಂಬ ಮಾತೂ ಕೇಳಿಬರುತ್ತದೆ. ಮಗನ ಓದಿಗೆ, ಮದುವೆಗೆ ಮಾಡಿದ ಖರ್ಚನ್ನು ಆತನ ಪಾಲಿನಿಂದ ಯಾರೂ ಕಳೆಯುವುದಿಲ್ಲ. ವರದಕ್ಷಿಣೆಯಾಗಿ ಹೋದದ್ದು ಆಕೆಯ ಕೈಯಲ್ಲಿ ಉಳಿದಿರುವುದೂ ವಿರಳ. ಕಾಯಕದ ಮಾತನ್ನೇ ಹಿಡಿದು ನೋಡಿದರೂ, ಮದುವೆಯಾಗುವವರೆಗೆ ಕಳೆ ಕಿತ್ತು, ಹಾಲು ಕರೆದು, ಬುತ್ತಿ ಹೊತ್ತ ಹೆಣ್ಣುಮಗಳ ಬೆವರು ಆ ಹೊಲದಲ್ಲಿ ಇಂಗಿಲ್ಲವೇ? ಕಾಯಕವನ್ನು ಒಪ್ಪಿ ಅದರ ಫಲವನ್ನು ನಿರಾಕರಿಸುವುದು ಶರಣಮಾರ್ಗಕ್ಕೆ ಒಪ್ಪುವಂತಹುದಲ್ಲ.

ಮಾಡಬೇಕಾದುದು

ಸದ್ಭಕ್ತರಲ್ಲಿ ನಮ್ಮ ಅರಿಕೆ ಇಷ್ಟು. ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳೆಲ್ಲರ ಹೆಸರನ್ನೂ ಬರೆಸಿರಿ. ತೀರಿಹೋದ ಹೆಣ್ಣುಮಕ್ಕಳಿದ್ದರೆ ಅವರ ಮಕ್ಕಳ ಹೆಸರನ್ನೂ ಬರೆಸಿರಿ. ಖಾತೆ ಜಂಟಿಯಾಗಿ ಬಂದರೆ ಅಂಜಬೇಕಾಗಿಲ್ಲ. ಪಹಣಿಯ ನಮೂದು ಒಡೆತನವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಹೆಸರು ಬಿಟ್ಟ ಮಾತ್ರಕ್ಕೆ ಹಕ್ಕು ಹೋಗದು. ಮುಚ್ಚಿಟ್ಟ ಪಾಲು ಇಂದಲ್ಲ ನಾಳೆ ವ್ಯಾಜ್ಯವಾಗಿ ಎದ್ದುಬರುತ್ತದೆ, ಆಗ ಗಂಡುಮಕ್ಕಳಿಂದ ಮಾತ್ರ ಕೊಂಡವನೂ ಕೈಸುಟ್ಟುಕೊಳ್ಳುತ್ತಾನೆ.

ವಿಭಾಗವನ್ನು ಬಾಯಿಮಾತಿಗೆ ಬಿಡದೆ, 11ಇ ನಕ್ಷೆ ಮಾಡಿಸಿ, ನೋಂದಾಯಿತ ವಿಭಾಗ ಪತ್ರ ಮಾಡಿಕೊಂಡು, ಪೋಡಿ ಮಾಡಿಸಿಕೊಳ್ಳಿರಿ. ಹಕ್ಕನ್ನು ಬಿಡುವುದಾದರೂ ಬಿಳಿಹಾಳೆಯ ಸಹಿ ಸಾಲದು, ನೋಂದಣಿ ಬೇಕು. ಬಿಡುವವಳಿಗೆ ಪತ್ರವನ್ನು ಓದಿ ಹೇಳಿ, ಮನೆಗೆ ಹೋಗಿ ಯೋಚಿಸಲು ಸಮಯ ಕೊಡಿರಿ. ಸಮ್ಮತಿಯಿಲ್ಲದಿದ್ದರೆ ತಕ್ಕ ಬೆಲೆ ಕೊಟ್ಟು ಕೊಳ್ಳಿರಿ.

ಬದುಕಿರುವಾಗಲೇ ಮಕ್ಕಳಿಗೆ ದಾನಪತ್ರ ಮಾಡಿಕೊಡುವ ಹಿರಿಯರು ತಮಗೂ ತಮ್ಮ ಪತ್ನಿಗೂ ಜೀವಿತಾವಧಿಯ ಅನುಭೋಗದ ಹಕ್ಕನ್ನು ಉಳಿಸಿಕೊಳ್ಳುವುದು ಲೇಸು. ಆರೈಕೆ ಮಾಡಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿದರೆ, ಮಕ್ಕಳು ತಪ್ಪಿದಾಗ 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಪ್ರಕರಣದಡಿ ದಾನವನ್ನು ರದ್ದುಪಡಿಸಲು ದಾರಿಯಿರುತ್ತದೆ. ಹೆಣ್ಣುಮಕ್ಕಳೂ ತಮ್ಮ ಆಸ್ತಿಗೆ ಮರಣಶಾಸನ ಬರೆಯಬೇಕು. ಗಂಡನೂ ಮಕ್ಕಳೂ ಇಲ್ಲದ ಮಹಿಳೆ ಏನೂ ಬರೆಯದೆ ತೀರಿಕೊಂಡರೆ, 15ನೆಯ ಪ್ರಕರಣದಂತೆ ಆಕೆ ಸ್ವಂತ ದುಡಿಮೆಯಿಂದ ಗಳಿಸಿದ್ದು ಹೆತ್ತವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಸಮಾನತೆಯ ಹಾದಿಯಲ್ಲಿ ಕಾನೂನಿಗೂ ಇನ್ನೂ ನಡೆಯಬೇಕಾದ ದೂರವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಪಂಚಾಯಿತಿಗೆ ಕೂಡುವ ಹಿರಿಯರು ಹೆಣ್ಣುಮಕ್ಕಳನ್ನು ಕರೆಯದೆ ಪಾಲಿನ ಮಾತನ್ನು ಆರಂಭಿಸಬಾರದು. ಅವರ ಬದಲು ಗಂಡನೋ ಮಾವನೋ ಮಾತನಾಡುವುದೂ ಸಲ್ಲದು. ಪಾಲು ಆಕೆಯದು, ಮಾತೂ ಆಕೆಯದಾಗಲಿ. ಅನುಭವ ಮಂಟಪದಲ್ಲಿ ಶರಣೆಯರಿಗೆ ಪೀಠವಿತ್ತೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆ ನಿಜವಾಗುವುದು ನಮ್ಮ ಪಡಸಾಲೆಯಲ್ಲಿ, ಪಾಲಿನ ಕಾಗದವನ್ನು ಮುಂದಿಟ್ಟುಕೊಂಡು ಕುಳಿತ ದಿನ, ಮನೆಯ ಮಗಳಿಗೂ ಒಂದು ಚಾಪೆ ಹಾಸಿದಾಗ.